ಬಣ್ಣ ತೆಗೆಯುವ ಕಷ್ಟ

ನಮ್ಮ ಜನಕ್ಕೆ ಇದ್ದದ್ದರಲ್ಲಿ ತೃಪ್ತಿ ಇಲ್ಲ. 1965ರ ಕಪ್ಪು-ಬಿಳುಪು ಸಿನಿಮಾ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಬಳಿದರು, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ. ಅತ್ತ ಅಪ್ಪಂದಿರು ನಟ ರಾಜ್‌ಕುಮಾರ್ ಅವರನ್ನು ಬಣ್ಣದಲ್ಲಿ ನೋಡಿ ಹಿಗ್ಗಿದರೆ, ಇತ್ತ ಮಕ್ಕಳು ಮೊಬೈಲಿನಲ್ಲಿ ತೆಗೆದ ಬಣ್ಣದ ಫೋಟೋಗಳನ್ನು ಕಪ್ಪು-ಬಿಳುಪು ಮಾಡುತ್ತ ಕೂತಿದ್ದಾರೆ.

ಮೈಸೂರು ಸೀಮೆಯ ತಗಡೂರಿನ ನಮ್ಮ ನೆಂಟರ ಹುಡುಗನೂ ಈ ಪಂಥದವನೇ. ಹಸಿರು ಗದ್ದೆಯ ಬದುವಿನ ಮೇಲೆ ಕೆಂಪು ಸೀರೆಯ ಸೋದರತ್ತೆಯನ್ನು ನಿಲ್ಲಿಸಿ ಒಂದು ಫೋಟೋ ಹೊಡೆದ. ಬಣ್ಣವಿದ್ದಾಗ ಚೆನ್ನಾಗಿಯೇ ಇತ್ತು. ಬಣ್ಣ ತೆಗೆದ ಮೇಲೆ ಸೀರೆ ಯಾವುದು, ಪೈರು ಯಾವುದು ತಿಳಿಯದು; ಎರಡೂ ಒಂದೇ ಬೂದು. ಬಣ್ಣವನ್ನು ಬೂದು ಮಾಡುವ ಕಂಪ್ಯೂಟರಿನ ವಾಡಿಕೆಯ ಲೆಕ್ಕದಲ್ಲಿ ಹಸಿರಿಗೆ ನೂರಕ್ಕೆ 59 ಪಾಲು, ಕೆಂಪಿಗೆ 30, ನೀಲಿಗೆ ಬರೀ 11. ಹೀಗೆ ಕೂಡಿಸುವಾಗ ಗಾಢ ಹಸಿರೂ ಕಡುಗೆಂಪೂ ಎಷ್ಟೋ ಸಲ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ.

ಹುಡುಗ ಸೋಲುವವನಲ್ಲ. ‘ರೆಡ್ ಫಿಲ್ಟರ್’ ಒತ್ತಿದ. ಕೆಂಪೆಲ್ಲ ಬೆಳಗಿತು, ಅತ್ತೆಯ ಮುಖವೂ ಬೆಳಗಿತು. ಹಣೆಯ ಕುಂಕುಮ ಮಾತ್ರ ಮೈಬಣ್ಣದೊಳಗೆ ಕರಗಿಹೋಯಿತು. ನೋಡಿದ ಅತ್ತೆ ಸಿಡಿದರು: “ನಿಮ್ ಮಾವ ಇನ್ನೂ ಗದ್ದೇಲಿ ನೀರು ಕಟ್ತಾವ್ರೆ, ನನ್ ಕುಂಕುಮ ಯಾಕ್ಲಾ ಅಳಿಸ್ದೆ?”

ಅಜ್ಜಿಯರ ಕಾಲದಲ್ಲಿ ಈ ಫಜೀತಿ ಇರಲಿಲ್ಲ. ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲಮ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಅಂಥ ಫಿಲಮ್ಮಿನ ಫೋಟೋಗಳಲ್ಲಿ ಕಾಸಗಲದ ಕುಂಕುಮ ಕಡುಗಪ್ಪಾಗಿ ಕೂತಿರುತ್ತದೆ. ಫಿಲಮ್ಮಿನ ಕುರುಡು ಮುತ್ತೈದೆಯರ ಮಾನ ಕಾಯಿತು.

ಆಮೇಲೆ ಹುಡುಗ ಮಾವನ ಫೋಟೋಕ್ಕೆ ಕೈಹಾಕಿ ಕಾಂಟ್ರಾಸ್ಟ್ ಏರಿಸಿದ. ಮಾವ ತೊಡುವುದು ಖಾದಿ. ಗಾಂಧಿವಾದಿ ತಗಡೂರು ರಾಮಚಂದ್ರರಾಯರ ಊರಿನಲ್ಲಿ ಅದೇನೂ ಹೊಸತಲ್ಲ. ಏರಿಸಿದ ಏಟಿಗೆ ಅಂಗಿ ಸುಣ್ಣ ಹೊಡೆದ ಗೋಡೆಯಂತಾಯಿತು. ನೂಲೂ ಇಲ್ಲ, ನೆರಿಗೆಯೂ ಇಲ್ಲ. ತಲೆಗೂದಲು ಬರೀ ಮಸಿ. ಕಪ್ಪನ್ನು ಕಪ್ಪು ಮಾಡಿ ಬಿಳಿಯನ್ನು ಬಿಳಿ ಮಾಡಿದರೆ ಮುಗಿಯಿತು ಎಂದು ಅವನ ಎಣಿಕೆ. ಕಾಂಟ್ರಾಸ್ಟ್ ಬಿಟ್ಟು, ಬೆಳಕು-ನೆರಳು ತಿದ್ದುವ ‘ಕರ್ವ್’ನ ಗೆರೆಯನ್ನು ಕೆಳಗೆ ತುಸು ತಗ್ಗಿಸಿ ಮೇಲೆ ತುಸು ಎತ್ತಿದ್ದರೆ ಸಾಕಿತ್ತು.

ಈ ಕಪ್ಪು-ಬಿಳುಪಿನ ವಿದ್ಯೆ ಮೈಸೂರು ಸೀಮೆಗೆ ಹೊರಗಿನದಲ್ಲ. ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಮೈಸೂರಿನವರು; ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಸಾಮಾನ್ಯರ ಮುಖದ ಒಂದು ಸುಕ್ಕೂ ಕಳೆದಿಲ್ಲ. ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯೂ ಮೈಸೂರಿನವರೇ. 1959ರ ಹಿಂದಿ ಚಿತ್ರ ‘ಕಾಗಜ್ ಕೇ ಫೂಲ್’ಗೆ ಕನ್ನಡಿ ಹಿಡಿದು ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಅವರು ಕಾಂಟ್ರಾಸ್ಟನ್ನು ಬೆಳಕಿನಲ್ಲೇ ಮಾಡಿಕೊಂಡರು. ನಾವು ನಡುಮಧ್ಯಾಹ್ನ ಕ್ಲಿಕ್ಕಿಸಿ, ರಾತ್ರಿ ಹಾಸಿಗೆಯಲ್ಲಿ ಹೆಬ್ಬೆರಳಿನಿಂದ ಹುಡುಕುತ್ತೇವೆ.

ಹೆಬ್ಬೆರಳನ್ನೇ ನಂಬಿದವರಿಗೆ ನನ್ನದೊಂದು ಮಾತು: ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸಿ ನೋಡಿ. ಖಾದಿಯ ನೂಲು, ತಲೆಯ ಕೂದಲು ಎರಡೂ ಕಂಡಾಗ ಕೈ ತೆಗೆಯಿರಿ. ಫೋಟೋದಲ್ಲಿ ಅತ್ತೆಯಂದಿರಿದ್ದರೆ, ಅವರಿಗೆ ತೋರಿಸಿದ ಮೇಲಷ್ಟೇ ಸೇವ್ ಮಾಡಿ.