ಬ್ಯಾಟರಿ ಬದಲಿಸಲು ಅರ್ಜಿ

ಕಾರಿನ ಬ್ಯಾಟರಿಯೆಂದರೆ ಸೀಸದ ತಟ್ಟೆಗಳು, ಅವುಗಳ ನಡುವೆ ಆಸಿಡ್. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಇದನ್ನು ಕಂಡುಹಿಡಿದದ್ದು 1859ರಲ್ಲಿ. ಆಗ ಪೆಟ್ರೋಲ್ ಕಾರಿನ್ನೂ ಹುಟ್ಟೇ ಇರಲಿಲ್ಲ. ಆಮೇಲೆ ಕಾರಿಗೆ ಏರ್‌ಬ್ಯಾಗ್ ಬಂತು, ಸನ್‌ರೂಫ್ ಬಂತು, ತಾನೇ ಮಾತಾಡುವ ಹೆಂಗಸಿನ ದನಿಯೂ ಬಂತು. ತಲಾ ಎರಡು ವೋಲ್ಟಿನ ಆರು ಸೆಲ್ ಹೊತ್ತ ಆ ಕಪ್ಪು ಡಬ್ಬ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಬದಲಾಗಿರುವುದು ಅದನ್ನು ಬದಲಿಸುವ ವಿಧಿವಿಧಾನ.

ಅಂಬಾಸಿಡರ್ ಕಾಲದಲ್ಲಿ ಬ್ಯಾಟರಿ ಡೌನಾದರೆ ಬೀದಿಯ ನಾಲ್ಕು ಹುಡುಗರನ್ನು ಕೂಗಿದರೆ ಸಾಕಿತ್ತು. ಅವರು ತಳ್ಳುವುದು, ಇವರು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡುವುದು, ಕಾರು ಕೆಮ್ಮಿ ಎದ್ದೇಳುವುದು. ಈಗಿನ ಆಟೋಮ್ಯಾಟಿಕ್ ಕಾರನ್ನು ತಳ್ಳಿದರೆ ಬರುವುದು ಬೆವರು ಮಾತ್ರ. ಅದೂ ಬಾಗಿಲು ತೆಗೆದು ನ್ಯೂಟ್ರಲ್ಲಿಗೆ ಹಾಕಲು ಸಾಧ್ಯವಾದರೆ. ಕರೆಂಟಿಲ್ಲದೆ ರಿಮೋಟ್ ಕೆಲಸ ಮಾಡದು. ರಿಮೋಟಿನ ಹೊಟ್ಟೆಯೊಳಗೆ ಒಂದು ಕಬ್ಬಿಣದ ಕೀ ಅಡಗಿದೆ, ಅದರ ತೂತು ಎಲ್ಲಿದೆ ಎಂಬುದು ಮ್ಯಾನ್ಯುಯಲ್‌ನಲ್ಲಿದೆ, ಮ್ಯಾನ್ಯುಯಲ್ ಕಾರಿನ ಸ್ಕ್ರೀನಿನಲ್ಲಿದೆ, ಸ್ಕ್ರೀನಿಗೆ ಬ್ಯಾಟರಿ ಬೇಕು! ಕೆಲವು ಜರ್ಮನ್ ಕಾರುಗಳಲ್ಲಂತೂ ಬ್ಯಾಟರಿ ಇರುವುದೇ ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಕರೆಂಟಿನಿಂದ.

ಎಲೆಕ್ಟ್ರಿಕ್ ಕಾರಿನವರು ನಗಬೇಕಾಗಿಲ್ಲ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯನ್ನು ಎಬ್ಬಿಸಲು ಅಲ್ಲೂ ಒಂದು ಪುಟ್ಟ 12 ವೋಲ್ಟಿನ ಬ್ಯಾಟರಿ ಬೇಕು. ಅದು ಸತ್ತ ದಿನ, ಕೆಳಗೆ ಮುನ್ನೂರು ಕಿಲೋಮೀಟರಿಗಾಗುವಷ್ಟು ಚಾರ್ಜ್ ತುಂಬಿಕೊಂಡ ಕಾರು ಟೋಯಿಂಗ್ ಲಾರಿಯ ಮೇಲೆ ಸವಾರಿ ಹೋಗುತ್ತದೆ.

ಇರಲಿ, ಹೇಗೋ ಬಾಗಿಲು ತೆರೆದು, ಹತ್ತರ ಸ್ಪ್ಯಾನರ್ ಹಿಡಿದು ಹೊಸ ಬ್ಯಾಟರಿ ಕೂರಿಸಿದಿರಿ ಎನ್ನಿ. ಕೆಲಸ ಮುಗಿಯಿತೆ? ಇಲ್ಲ, ಕೆಲವು ಕಾರುಗಳಲ್ಲಿ ನೋಂದಣಿ ಬಾಕಿ ಇದೆ. ನೆರೆಮನೆಯ ನಿವೃತ್ತ ಮೇಷ್ಟ್ರಿಗೂ ಸರ್ವಿಸ್ ಸೆಂಟರಿನ ಹುಡುಗನಿಗೂ ನಡೆದ ಸಂವಾದ ಹೀಗಿತ್ತು:

"ಬ್ಯಾಟರಿ ಹೊಸದು ಅಂತ ಕಾರಿಗೆ ಹೇಳ್ಬೇಕು ಸರ್. ಅದಕ್ಕೆ ಬೇರೆ ಚಾರ್ಜು."

"ಯಾಕಪ್ಪ, ಮಳೆ ಬಂದ್ರೆ ಅದಕ್ಕೆ ಗೊತ್ತಾಗುತ್ತೆ. ಲೇನ್ ತಪ್ಪಿದ್ರೆ ಗೊತ್ತಾಗುತ್ತೆ. ನಾನು ತೂಕಡಿಸಿದ್ರೂ ಗೊತ್ತಾಗುತ್ತೆ. ತನ್ನ ಹೊಟ್ಟೇಲಿ ಹೊಸ ಬ್ಯಾಟರಿ ಕೂತಿರೋದು ಗೊತ್ತಾಗಲ್ವಾ?"

"ಸಿಸ್ಟಮ್ ಹಂಗಿದೆ ಸರ್."

ಸಿಸ್ಟಮ್ಮಿನ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಥ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಒಂದು ಸೆನ್ಸರ್ ಕೂತು ಕರೆಂಟಿನ ಒಳಹರಿವು ಹೊರಹರಿವನ್ನೆಲ್ಲ ಲೆಕ್ಕವಿಡುತ್ತದೆ. ಬ್ಯಾಟರಿಗೆ ವಯಸ್ಸಾದ ಹಾಗೆ ಚಾರ್ಜ್ ಮಾಡುವ ರೀತಿಯನ್ನೂ ಕಾರು ಬದಲಿಸಿಕೊಳ್ಳುತ್ತದೆ. ಹೊಸತು ಬಂದದ್ದನ್ನು ತಿಳಿಸದಿದ್ದರೆ ಮುದುಕನಿಗೆ ಬರೆದ ಔಷಧಿಯನ್ನೇ ಹುಡುಗನಿಗೂ ಕುಡಿಸುತ್ತದೆ. ಆದ್ದರಿಂದ ತಿಳಿಸುವುದು ಸರಿ. ಆದರೆ ತಿಳಿಸುವ ಹಕ್ಕು ಕಾರಿನ ಯಜಮಾನನಿಗೆ ಏಕಿಲ್ಲ? ಸೀಟಿಗೆ ಗಾಳಿ ಬೀಸಲು ಸ್ಕ್ರೀನಿನಲ್ಲಿ ಮೂರು ಬಟನ್ ಇಟ್ಟವರಿಗೆ 'ಹೊಸ ಬ್ಯಾಟರಿ' ಎಂಬ ಒಂದು ಬಟನ್ ಇಡಲು ಜಾಗ ಸಾಲಲಿಲ್ಲವೆ?

ಸಿಗ್ನಲ್ಲಿನಲ್ಲಿ ಇಂಜಿನ್ ತಾನೇ ಆರಿ ತಾನೇ ಹೊತ್ತುವ ಸ್ಟಾರ್ಟ್-ಸ್ಟಾಪಿನದು ಇನ್ನೊಂದು ಕಥೆ. ಸಿಲ್ಕ್ ಬೋರ್ಡಿನಲ್ಲಿ ಅದು ಪಾಪ, ಬಿಡುವಿಲ್ಲದ ಸಂಸಾರ. ಆ ದುಡಿಮೆಗೆ ಮಾಮೂಲಿ ಬ್ಯಾಟರಿ ತಾಳದು. ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯ ಬ್ಯಾಟರಿ ಬೇಕು. ಎಜಿಎಂ ಬೆಲೆಯೋ ಮಾಮೂಲಿಯ ದುಪ್ಪಟ್ಟಿಗೂ ಮೇಲೆ. ತೊಟ್ಟು ತೊಟ್ಟಾಗಿ ಉಳಿಸಿದ ಪೆಟ್ರೋಲಿನ ದುಡ್ಡನ್ನು ಬ್ಯಾಟರಿ ಅಂಗಡಿಯವನು ಇಡಿಗಂಟಾಗಿ ವಸೂಲು ಮಾಡುತ್ತಾನೆ. ಜೊತೆಗೆ ನಮ್ಮ ಬಿಸಿಲು. ಬ್ಯಾಟರಿಗೆ ಚಳಿಗಿಂತ ಸೆಕೆಯೇ ಯಮ. ರಾಯಚೂರಿನ ಮೇ ತಿಂಗಳಿಗೆ ಯಾವ ಬ್ರೋಷರ್ ತಾನೆ ಜವಾಬು ಕೊಟ್ಟೀತು?

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು; ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಹಕ್ಕು ಪೋರ್ಟಲ್ಲಿನಲ್ಲಿ ಸುರಕ್ಷಿತವಾಗಿದೆ. ರಿಪೇರಿ ಸರ್ವಿಸ್ ಸೆಂಟರಿನಲ್ಲಿ ಸುರಕ್ಷಿತವಾಗಿದೆ. ಎರಡೂ ಇನ್ನೂ ಮುಖಾಮುಖಿ ಆದಂತಿಲ್ಲ.

ಓದುಗರೇ, ಹಳೆಯ ಬ್ಯಾಟರಿಯನ್ನು "ನಾವೇ ಇಟ್ಕೋತೀವಿ ಸರ್" ಎಂದವರಿಗೆ ಪುಕ್ಕಟೆ ಬಿಟ್ಟು ಬರಬೇಡಿ. ಅದರೊಳಗಿನ ಸೀಸಕ್ಕೆ ಬೆಲೆಯಿದೆ, ಬಿಲ್ಲಿನಲ್ಲಿ ಕಳೆಯಲು ಹೇಳಿ. ಮುಂದಿನ ಕಾರು ಕೊಳ್ಳುವಾಗ ಸನ್‌ರೂಫಿನ ಅಳತೆ ಆಮೇಲೆ ಕೇಳಿ. ಮೊದಲು ಬ್ಯಾಟರಿ ಎಲ್ಲಿದೆ, ಯಾವ ಬಗೆಯದು, ಬದಲಿಸಿದರೆ ನೋಂದಣಿ ಬೇಕೆ, ಅದನ್ನು ಬೀದಿಯ ಮೆಕ್ಯಾನಿಕ್ ಮಾಡಬಹುದೆ ಎಂದು ಕೇಳಿ. ಸೇಲ್ಸಿನ ಹುಡುಗ ಮ್ಯಾನೇಜರನ್ನು ಕರೆತಂದರೆ, ಉತ್ತರವನ್ನು ಬರೆದು ಸೀಲು ಹಾಕಿಸಿಕೊಳ್ಳಿ.