ಬೀಗದ ಕೈ ಯಾರ ಹತ್ತಿರ ಇದೆ?

ಉತ್ತರ ವರ್ಜೀನಿಯಾದ ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ ಸಾಹೇಬರಿಗೆ,

ಫೆಂಟನಿಲ್ ಎಂಬ ಮಾದಕವಸ್ತುವಿನ ಬಗ್ಗೆ ನಿನ್ನೆ ತಾವು ಏರ್ಪಡಿಸಿದ್ದ ಜಾಗೃತಿ ಸಂಜೆಗೆ ಆಫೀಸಿನಿಂದ ನೇರ ಬಂದೆ, ಹಸಿದ ಹೊಟ್ಟೆಯಲ್ಲಿ. ಪಾರ್ಕಿಂಗಿಗೆ ಸುತ್ತಿದ್ದಾಯಿತು, ಹೆಸರು ಬರೆಸಲು ನಿಂತದ್ದಾಯಿತು, ಆಮೇಲೆ ಸ್ಲೈಡುಗಳು. ಮೊದಲನೆಯದರಲ್ಲಿ ಡಿಸ್ಟ್ರಿಕ್ಟಿನ ಲಾಂಛನ, ಎರಡನೆಯದರಲ್ಲಿ ಧ್ಯೇಯವಾಕ್ಯ, ಮೂರನೆಯದರಲ್ಲಿ ಮತ್ತೆ ಲಾಂಛನ. ಎಲ್ಲ ಮುಗಿದ ಮೇಲೆ ಕೇಳಿದೆ: ಓವರ್‌ಡೋಸ್ ಆದವರನ್ನು ಉಳಿಸುವ ನಾರ್ಕ್ಯಾನ್ ಶಾಲೆಯಲ್ಲಿ ಎಲ್ಲಿಟ್ಟಿದ್ದೀರಿ? ನರ್ಸ್ ಕೋಣೆಯ ಬೀರುವಿನಲ್ಲಿ, ಬೀಗ ಹಾಕಿ, ಭದ್ರವಾಗಿ. ಬೀಗದ ಕೈ? ನರ್ಸ್ ಹತ್ತಿರ. ನರ್ಸ್? ಕೆಲವು ದಿನ ಬೇರೆ ಶಾಲೆಯಲ್ಲಿ. ಆ ದಿನ ಬೀಗದ ಕೈ? ‘ಒಳ್ಳೆಯ ಪ್ರಶ್ನೆ, ಬರೆದುಕೊಂಡಿದ್ದೇವೆ’ ಎಂದು ಕುಕೀ ತಟ್ಟೆಯ ಕಡೆ ಕೈ ತೋರಿಸಿದಿರಿ. ಕುಕೀ ಚೆನ್ನಾಗಿತ್ತು.

ಕನ್ನಡದಲ್ಲಿ ಬರೆದದ್ದು ತಮಗೆ ತಿಳಿಯುವುದಿಲ್ಲ ಎಂದು ಬಲ್ಲೆ. ತಾವು ಇಂಗ್ಲಿಷಿನಲ್ಲಿ ಕಳಿಸುವುದು ನಮಗೂ ತಿಳಿಯುವುದಿಲ್ಲ, ಲೆಕ್ಕ ಚುಕ್ತಾ.

ತಮ್ಮ ಭದ್ರತೆಯನ್ನು ಮೆಚ್ಚಲೇಬೇಕು. ಮೂಗಿಗೆ ಹೊಡೆಯುವ ಒಂದು ಸ್ಪ್ರೇ. ಫೆಂಟನಿಲ್ ಮುಟ್ಟದವನಿಗೆ ಅಪ್ಪಿತಪ್ಪಿ ಹೊಡೆದರೂ ಅಪಾಯವಿಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರಬಹುದೆಂದು 2023ರ ಮಾರ್ಚಿನಲ್ಲೇ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಹೇಳಿದೆ. ಅದಕ್ಕೆ ಬೀಗ! ನಕಲಿ ಮಾತ್ರೆ ಮಾರುವವನಿಗೆ ಇಷ್ಟು ಶಿಸ್ತಿಲ್ಲ ನೋಡಿ. ಸ್ನ್ಯಾಪ್‌ಚಾಟಿನಲ್ಲಿ ಕೇಳಿದರೆ ಸಾಕು, ಫಾರಂ ತುಂಬಿಸುವುದಿಲ್ಲ, ಪೋಷಕರ ಸಹಿ ಕೇಳುವುದಿಲ್ಲ, ಮನೆ ಬಾಗಿಲಿಗೇ ತರುತ್ತಾನೆ. ಪರ್ಕೊಸೆಟ್ ಎಂಬ ನೋವಿನ ಮಾತ್ರೆ ಅಂದುಕೊಂಡು ಮಗು ನುಂಗುವುದು ಏನನ್ನೋ. 2 ಮಿಲಿಗ್ರಾಂ ಫೆಂಟನಿಲ್ ಜೀವ ತೆಗೆಯಬಹುದು. 2023ರಲ್ಲಿ ಮಾದಕವಸ್ತು ತಡೆಯುವ ಡಿಇಎ ತನ್ನ ಲ್ಯಾಬಿನಲ್ಲಿ ಪರೀಕ್ಷಿಸಿದ ನಕಲಿ ಮಾತ್ರೆಗಳಲ್ಲಿ ಹತ್ತಕ್ಕೆ ಏಳರಲ್ಲಿ ಅಷ್ಟೋ ಅದಕ್ಕಿಂತ ಹೆಚ್ಚೋ ಇತ್ತು. ಉಸಿರು ನಿಂತರೆ ಮಿದುಳು ತಡೆದುಕೊಳ್ಳುವುದು ನಾಲ್ಕೈದು ನಿಮಿಷ. ಅಷ್ಟರಲ್ಲಿ ನರ್ಸ್ ಬೇರೆ ಶಾಲೆಯಿಂದ ಕಾರು ಓಡಿಸಿಕೊಂಡು ಬರಬೇಕು, ಬೀಗದ ಕೈ ಹಿಡಿದುಕೊಂಡು. ದಾರಿಯಲ್ಲಿ ಸಿಗ್ನಲ್ಲುಗಳೂ ಇವೆ.

ಲಾಸ್ ಏಂಜಲೀಸಿನ ಶಾಲೆಗಳವರೂ ತಮ್ಮ ಹಾಗೆಯೇ ನಿಧಾನಸ್ಥರು. 2022ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡಿನ ಹೈಸ್ಕೂಲಿನ ಶೌಚಾಲಯದಲ್ಲಿ ಹದಿನೈದರ ಹುಡುಗಿ ಸತ್ತ ಮೇಲೆ ಎಲ್ಲ ಶಾಲೆಗಳಿಗೂ ನಲೋಕ್ಸೋನ್, ಅಂದರೆ ಇದೇ ನಾರ್ಕ್ಯಾನಿನ ಔಷಧಿ, ತರಿಸುತ್ತೇವೆ ಎಂದರು. ನಮ್ಮ ಲೌಡನ್ ಕೌಂಟಿಯಲ್ಲಿ 2023ರಲ್ಲಿ ಒಂದೇ ಹೈಸ್ಕೂಲಿನ ಮಕ್ಕಳು ಒಬ್ಬರ ಹಿಂದೊಬ್ಬರು ಓವರ್‌ಡೋಸ್ ಆಗಿ ಬಿದ್ದರು, ತಂದೆತಾಯಿಗಳಿಗೆ ಸುದ್ದಿ ಮುಟ್ಟುವಾಗ ತಡವಾಗಿತ್ತು. ಕೊನೆಗೆ 24 ಗಂಟೆಯೊಳಗೆ ತಿಳಿಸಿ ಎಂದು ಆಗಿನ ಗವರ್ನರ್ ಯಂಗ್‌ಕಿನ್ ಆದೇಶವನ್ನೇ ಹೊರಡಿಸಬೇಕಾಯಿತು. ನೆರೆಮನೆಯವರು ಹೇಳುವ ಮಾತನ್ನು ಹೇಳಲು ಗವರ್ನರ್ ಬೇಕು! ಹಿಮ ಬೀಳುತ್ತದೆ ಎಂದರೆ ಬೆಳಗಿನ ಐದಕ್ಕೆ ನನ್ನ ಫೋನು ಹೊಡೆದುಕೊಳ್ಳುತ್ತದೆ. ಪಿಜ್ಜಾ ದಿನಕ್ಕೆ ಮೂರು ನೆನಪೋಲೆ. ಮಗು ಬಿದ್ದರೆ ಮಾತ್ರ ‘ಒಂದು ವೈದ್ಯಕೀಯ ಘಟನೆ’, ಅದೂ ಯಾವಾಗಲೋ.

ಸ್ಲೈಡಿನಲ್ಲಿ ‘ಬೇಡ ಅನ್ನಲು ಕಲಿಸಿ’ ಎಂದಿತ್ತು. 1983ರಲ್ಲಿ ಪೊಲೀಸರು ಡೇರ್ ಎಂದು ಶಾಲೆಗೆ ಹೊತ್ತು ತಂದದ್ದೂ ಇದೇ ಪಾಠ. ಅದರಿಂದ ಡ್ರಗ್ಸ್ ಬಳಕೆ ಕಡಿಮೆಯಾಗಲಿಲ್ಲ ಎಂದು ಸಂಶೋಧಕರು ಎಷ್ಟು ಸಲ ಹೇಳಿದರೋ. ಇರಲಿ, ಕಲಿಸಿ, ಲಾಂಛನ ಇನ್ನೊಂದು ಸಲ ತೋರಿಸಿ. ಆದರೆ ಆ ಬೀರು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಪ್ರತಿ ಕಾರಿಡಾರಿನಲ್ಲಿ ನೇತಾಡುತ್ತಿದೆ, ಅದಕ್ಕೆ ಬೀಗ ಹಾಕಿದ್ದೀರಾ? ಯಾವ ಮಗು ನೆಲದಲ್ಲಿ ನೀಲಿಯಾಗಿ ಬಿದ್ದರೆ ನಿಮಗೆ ಬೀಗದ ಕೈ ಸಿಗುತ್ತದೆ? ನನ್ನದಾ?

ನಿನ್ನೆ ಮನೆಗೆ ಹೋಗುವಾಗ ಔಷಧಿ ಅಂಗಡಿಯಲ್ಲಿ ನಾರ್ಕ್ಯಾನಿನ ಎರಡು ಡೋಸಿನ ಪೆಟ್ಟಿಗೆಯೊಂದನ್ನು ಕೊಂಡು ಮಗನ ಬ್ಯಾಗಿನ ಮುಂದಿನ ಜೇಬಿಗೆ ಹಾಕಿದ್ದೇನೆ. ಅನುಮತಿಯಿಲ್ಲದೆ ಔಷಧಿ ತರುವುದು ತಮ್ಮ ನಿಯಮಕ್ಕೆ ವಿರುದ್ಧ, ಗೊತ್ತು. ಅವನನ್ನು ಸಸ್ಪೆಂಡ್ ಮಾಡುವುದಿದ್ದರೆ ನನಗೆ ತಿಳಿಸಿ. 24 ಗಂಟೆಯೊಳಗೆ.

ಇಂತಿ,
ಒಂಬತ್ತನೇ ತರಗತಿಯ ಹುಡುಗನ ತಾಯಿ