ಯುಗಾದಿಯ ದಿನ ಹೋಟೆಲ್ ಹುಡುಕುವವರಿಗೆ

ಯುಗಾದಿಯ ಮಧ್ಯಾಹ್ನ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಊಟಕ್ಕೆ ಅಲೆಯುವವರು ಮೊದಲು ಬೈಯುವುದು ಹೋಟೆಲ್ ಮಾಲೀಕನನ್ನು. ಇದು ಅನ್ಯಾಯ. ದೋಸೆ ಹುಯ್ಯುವ ಭಟ್ಟರಿಗೂ ಲೋಟ ತೊಳೆಯುವ ಹುಡುಗನಿಗೂ ಊರಿದೆ, ಅಮ್ಮನಿದ್ದಾಳೆ, ಅವಳು ಹೋಳಿಗೆ ತಟ್ಟುತ್ತಿರುತ್ತಾಳೆ. ಇಬ್ಬರೂ ಹಿಂದಿನ ಸಂಜೆಯೇ ಬಸ್ ಹತ್ತಿದರೆ ಮಾಲೀಕ ಒಬ್ಬನೇ ನಿಂತು ಎಷ್ಟು ಇಡ್ಲಿ ಬೇಯಿಸಿಯಾನು? ಹಬ್ಬದ ರಜೆಯ ಕಾನೂನು ಕರ್ನಾಟಕದಲ್ಲಿ 1963ರಲ್ಲೇ ಬಂದಿದೆ. ಅಮ್ಮನ ಫೋನು ಅದಕ್ಕಿಂತ ಬಿಗಿ. ಇನ್ನು ಗಿರಾಕಿಯಾದರೂ ಎಲ್ಲಿ? ಊರಿನವರೆಲ್ಲ ಬೇವು-ಬೆಲ್ಲ ತಿಂದು, ಒಬ್ಬಟ್ಟಿನ ಸಾರು ಸುರಿದುಕೊಂಡು ಉಂಡು, ಜಗಲಿಯಲ್ಲಿ ತೂಕಡಿಸುತ್ತಿರುತ್ತಾರೆ.

‘ಹಾಗಾದರೆ ದಾರಿಹೋಕರ ಗತಿ?’ ಎನ್ನಬಹುದು. ಕೇಳಬೇಕಾದ ಮಾತೇ. ಆದರೆ ಮೂರೂ ಊರಿನ ಗತಿ ಒಂದೇ ಅಲ್ಲ. ಕಡೂರು, ತರೀಕೆರೆಗಳು ಬೆಂಗಳೂರು–ಶಿವಮೊಗ್ಗ ಹೆದ್ದಾರಿಯ ಮೇಲಿವೆ. ಬಸ್ಸು ನಿಲ್ಲುವಲ್ಲಿ ನಿನ್ನೆಯ ಬನ್ನಾದರೂ ಸಿಕ್ಕೀತು. ತರೀಕೆರೆಗೆ ಕೆಮ್ಮಣ್ಣುಗುಂಡಿ ಹತ್ತುವವರ ಪುಣ್ಯವೂ ಸೇರುತ್ತದೆ. ಹೆದ್ದಾರಿಯಿಂದ ಒಳಗಿರುವ ಅಜ್ಜಂಪುರದ ಕಥೆ ಬೇರೆ. ಅಲ್ಲಿನ ಅಮೃತಮಹಲ್ ಕೇಂದ್ರದ ದನಗಳಿಗೆ ಹಬ್ಬದ ದಿನವೂ ಮೇವು ತಪ್ಪದು. ಪರಸ್ಥಳದ ಮನುಷ್ಯ ಮಾತ್ರ ಬೇಕರಿಯ ಷಟರ್ ಅರ್ಧವಾದರೂ ಎದ್ದಿದೆಯೇ ಎಂದು ಬಗ್ಗಿ ನೋಡಬೇಕು. ‘ವ್ಯಾಪಾರಕ್ಕೆ ಕೂತಮೇಲೆ ಬಾಗಿಲು ತೆಗೆಯಬೇಡವೇ?’ ಎಂದು ಗದರುವವರೂ ಇದ್ದಾರೆ. ಗದರುವವರು ಬಹುಪಾಲು ತಮ್ಮ ಆಫೀಸಿಗೆ ಬೀಗ ಜಡಿದು ಕಾರು ಹತ್ತಿದವರೇ! ಮಾರನೆಯ ದಿನ ನೋಡಿಕೊಳ್ಳೋಣವೆಂದರೆ ಅಂದು ಹೊಸತೊಡಕು: ಮಾಂಸದಂಗಡಿಯ ಮುಂದೆ ಉದ್ದನೆಯ ಸಾಲು, ಮಿಲಿಟರಿ ಹೋಟೆಲಿನ ಅಡುಗೆಯವನು ಮಾತ್ರ ಇನ್ನೂ ಊರಿಂದ ಬಂದಿರುವುದಿಲ್ಲ.